‘ಐ ಆಮ್ ಲೈಕ್ ದೋಸೆ’: ಇಂಗ್ಲಿಷಿನ ‘ಲೈಕ್’ ಜೊತೆ ಪಳಗುವುದು ಹೇಗೆ?

ನಮ್ಮ ಸಂಜೆಯ ಇಂಗ್ಲಿಷ್ ತರಗತಿಗೆ ಬೇಕರಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗ ಬರುತ್ತಿದ್ದ. ಮೊದಲ ದಿನ ಎಲ್ಲರೂ ತಮ್ಮ ಬಗ್ಗೆ ನಾಲ್ಕು ವಾಕ್ಯ ಹೇಳಬೇಕಿತ್ತು. ಹೆಸರು ಹೇಳಿದ, ಊರು ಹೇಳಿದ, ಕೆಲಸ ಹೇಳಿದ. ಕೊನೆಗೆ ಧೈರ್ಯ ಮಾಡಿ ‘ಐ ಆಮ್ ಲೈಕ್ ಮಸಾಲೆ ದೋಸೆ’ ಅಂದ. ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕರು. ಯಾಕೆ ನಗುತ್ತಿದ್ದಾರೆ ಅಂತ ಅವನಿಗೆ ತಿಳಿಯಲಿಲ್ಲ. ‘ನಾನು ಮಸಾಲೆ ದೋಸೆ ಥರ ಇದ್ದೀನಿ ಅಂದಂಗಾಯ್ತು ಕಣೋ’ ಅಂತ ಪಕ್ಕದವನು ಪಿಸುಗುಟ್ಟಿದ. ಹುಡುಗ ಮುಖ ಸಣ್ಣಗೆ ಮಾಡಿಕೊಂಡು ಕೂತ.

ಸುಳ್ಳು ಯಾಕೆ, ನನಗೂ ನಗು ಬಂತು. ಆದರೆ ಮನೆಗೆ ಹೋಗುವ ದಾರಿಯಲ್ಲಿ ಯೋಚಿಸಿದಾಗ, ತಪ್ಪು ಪೂರ್ತಿ ಅವನದಲ್ಲ ಅನಿಸಿತು. ‘ಲೈಕ್’ ಅನ್ನುವ ನಾಲ್ಕಕ್ಷರದ ಪದ ಒಂದು ಕಡೆ ‘ಇಷ್ಟಪಡು’, ಇನ್ನೊಂದು ಕಡೆ ‘ಹಾಗೆ, ಥರ’. ಇವೆರಡಕ್ಕೂ ಏನು ಸಂಬಂಧ? ಇದನ್ನು ಯಾರೂ ನಮಗೆ ಶಾಲೆಯಲ್ಲಿ ಹೇಳಿಕೊಡಲಿಲ್ಲ. ಹೇಳಿಕೊಟ್ಟಿದ್ದರೆ ಅರ್ಧ ತಪ್ಪುಗಳು ಅಲ್ಲೇ ನಿಂತುಹೋಗುತ್ತಿದ್ದವು. ಯಾಕೆಂದರೆ ಈ ಪದದ ಹಳೇ ಕಥೆ ಕನ್ನಡದವರಿಗೆ ಅರ್ಥವಾಗುವಷ್ಟು ಸುಲಭವಾಗಿ ಇವತ್ತಿನ ಇಂಗ್ಲಿಷ್‌ನವರಿಗೂ ಅರ್ಥವಾಗಲಿಕ್ಕಿಲ್ಲ.

ಹಂತ ಹಂತವಾಗಿ ನೋಡೋಣ. ಮೊದಲ ಹಂತ ಸ್ವಲ್ಪ ಉದ್ದ. ಅದು ಗಟ್ಟಿಯಾದರೆ ಮಿಕ್ಕದ್ದು ಸಲೀಸು.

ಹಂತ 1: ‘ನನಗೆ’ಯನ್ನು ‘ಐ’ ಮಾಡಿ, ‘ಆಮ್’ ಅನ್ನು ಬಿಟ್ಟುಬಿಡಿ

ಕನ್ನಡದಲ್ಲಿ ‘ನನಗೆ ದೋಸೆ ಇಷ್ಟ’ ಅನ್ನುತ್ತೇವೆ. ಈ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ. ‘ಇಷ್ಟ’ ಸಂಸ್ಕೃತದಿಂದ ಬಂದದ್ದು, ‘ಬಯಸಿದ್ದು’ ಅಂತ ಅರ್ಥ. ಇಷ್ಟದೇವರು, ಇಷ್ಟಲಿಂಗ ಅನ್ನುವಾಗಲೂ ಅದೇ ಪದ. ಇಂಗ್ಲಿಷಿಗೆ ಹೋದಾಗ ಕ್ರಿಯಾಪದ ಇಲ್ಲದ ವಾಕ್ಯ ಏನೋ ಖಾಲಿ ಖಾಲಿ ಅನಿಸಿ, ನಾವು ಕೈಗೆ ಸಿಕ್ಕ ‘ಆಮ್’ ಅನ್ನು ತುರುಕುತ್ತೇವೆ. ಹಾಗೆ ಹುಟ್ಟಿದ್ದು ‘ಐ ಆಮ್ ಲೈಕ್ ದೋಸೆ’.

ಇಂಗ್ಲಿಷಿನಲ್ಲಿ ‘ಲೈಕ್’ ತಾನೇ ಕ್ರಿಯಾಪದ. ಅದಕ್ಕೆ ಊರುಗೋಲು ಬೇಡ. ‘ಐ ಲೈಕ್ ದೋಸೆ.’ ‘ಶಿ ಲೈಕ್ಸ್ ದೋಸೆ.’ ‘ದೇ ಡೋಂಟ್ ಲೈಕ್ ದೋಸೆ.’ ‘ಆಮ್, ಈಸ್, ಆರ್’ ಬಂದ ತಕ್ಷಣ ‘ಲೈಕ್’ ತನ್ನ ವೇಷ ಬದಲಿಸಿ ‘ಥರ’ ಆಗಿಬಿಡುತ್ತದೆ. ‘ಶಿ ಈಸ್ ಲೈಕ್ ಹರ್ ಮದರ್’ ಅಂದರೆ ಅವಳು ಅವರಮ್ಮನ ಥರ. ‘ಶಿ ಲೈಕ್ಸ್ ಹರ್ ಮದರ್’ ಅಂದರೆ ಅವಳಿಗೆ ಅವರಮ್ಮ ಅಂದರೆ ಇಷ್ಟ. ಎರಡೂ ಒಂದೇ ಮನೆಯಲ್ಲಿ ನಿಜವಾಗಿರಬೇಕು ಅಂತೇನಿಲ್ಲ.

ಕನ್ನಡದಲ್ಲಿ ‘ಇಷ್ಟ’ದ ಹೊರತಾಗಿ ಇನ್ನೂ ಎಷ್ಟು ಪದಗಳಿವೆ ನೋಡಿ. ‘ಆ ಮನೆ ನನಗೆ ಹಿಡಿಸಿತು.’ ‘ಅವನಿಗೆ ಹಾಗಲಕಾಯಿ ಸೇರಲ್ಲ.’ ‘ಆ ಊರಿನ ನೀರು ನನಗೆ ಒಗ್ಗಲಿಲ್ಲ.’ ಎಲ್ಲದರಲ್ಲೂ ‘ನನಗೆ, ಅವನಿಗೆ’. ಮನೆ ಬಂದು ನನಗೆ ಹಿಡಿಸುತ್ತದೆ, ಹಾಗಲಕಾಯಿ ಬಂದು ಅವನಿಗೆ ಸೇರಬೇಕು. ಕೆಲಸ ಮಾಡುವುದು ವಸ್ತು. ಮನುಷ್ಯ ಸುಮ್ನೆ ಕೂತಿರುತ್ತಾನೆ. ‘ಮೆಚ್ಚು’ ಒಂದು ಬೇರೆ: ‘ನಾನು ಮೆಚ್ಚಿದೆ’. ಅಲ್ಲಿ ಮನುಷ್ಯ ಎದ್ದು ಕೆಲಸ ಮಾಡುತ್ತಾನೆ. ಇಂಗ್ಲಿಷಿನ ಇವತ್ತಿನ ‘ಲೈಕ್’ ವ್ಯಾಕರಣದಲ್ಲಿ ‘ಮೆಚ್ಚು’ವಿನ ಜಾತಿ, ಅರ್ಥದಲ್ಲಿ ‘ಹಿಡಿಸು’ವಿನ ಜಾತಿ. ಗೊಂದಲ ಶುರುವಾಗುವುದೇ ಇಲ್ಲಿ.

ಆದರೆ ಇಂಗ್ಲಿಷ್ ಮೊದಲಿಂದ ಹೀಗಿರಲಿಲ್ಲ. ಸಾವಿರ ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಯಾರೂ ‘ಐ ಲೈಕ್’ ಅನ್ನುತ್ತಿರಲಿಲ್ಲ. ಆಗ ಈ ಕ್ರಿಯಾಪದದ ರೂಪ ‘ಲೀಕಿಯನ್’. ಅದರ ಅರ್ಥ ‘ಮೆಚ್ಚು’ ಅಲ್ಲ, ನಮ್ಮ ‘ಹಿಡಿಸು’. ‘ಮೇ ಲೀಕಥ್’ ಅಂದರೆ ನೇರವಾಗಿ ‘ನನಗೆ ಹಿಡಿಸುತ್ತದೆ’. ನಾವು ಅನ್ನುವ ಹಾಗೆಯೇ!

ಡೆನ್ಮಾರ್ಕಿನ ಭಾಷಾ ವಿದ್ವಾಂಸ ಒಟ್ಟೊ ಯೆಸ್ಪರ್ಸನ್ ಇದನ್ನು ತೋರಿಸಲು ಒಂದು ಪುಟ್ಟ ಉದಾಹರಣೆ ಕೊಟ್ಟಿದ್ದಾರೆ. ಭಾಷೆ ಓದಿದವರ ನಡುವೆ ಅದು ಬಹಳ ಹೆಸರಾದದ್ದು. ಹಳೆಯ ಇಂಗ್ಲಿಷಿನಲ್ಲಿ ಹೀಗೆ: ‘ಥಾಮ್ ಕಿಂಗೆ ಲಿಕೊದೊನ್ ಪೆರಾನ್’. ಪದಕ್ಕೆ ಪದ ಕನ್ನಡ ಮಾಡಿದರೆ ‘ರಾಜನಿಗೆ ಹಿಡಿಸಿದವು ಮರಸೇಬುಗಳು’. ‘ಕಿಂಗೆ’ ಅನ್ನುವುದರ ಕೊನೆಯ ‘ಎ’ ನಮ್ಮ ‘ಗೆ’ ಮಾಡುವ ಕೆಲಸವನ್ನೇ ಮಾಡುತ್ತದೆ. ‘ಕಿಂಗ್’ಗೆ ‘ಗೆ’ ಸೇರಿಸಿದ ಹಾಗೇ ಕೇಳಿಸುತ್ತದೆ, ಅಲ್ವಾ? ಅದು ಬರೀ ಕಾಕತಾಳೀಯ, ಆದರೆ ನೆನಪಿಟ್ಟುಕೊಳ್ಳಲು ಅನುಕೂಲ. ‘ಲಿಕೊದೊನ್’ ಬಹುವಚನ. ರಾಜ ಒಬ್ಬನೇ, ಹಣ್ಣು ಹಲವು. ಅಂದರೆ ಕ್ರಿಯಾಪದ ಹೊಂದಿಕೊಂಡಿರುವುದು ಹಣ್ಣಿಗೆ. ನಾವೂ ‘ಹಿಡಿಸಿದವು’ ಅನ್ನುತ್ತೇವೆ, ‘ಹಿಡಿಸಿದನು’ ಅನ್ನುವುದಿಲ್ಲ.

ಮುಂದೆ ಏನಾಯಿತು? 11, 12ನೇ ಶತಮಾನದ ಹೊತ್ತಿಗೆ ಇಂಗ್ಲಿಷಿನ ವಿಭಕ್ತಿ ಪ್ರತ್ಯಯಗಳು ಸವೆಯುತ್ತಾ ಬಂದವು. ‘ಥಾಮ್ ಕಿಂಗೆ’ ಹೋಗಿ ಬರೀ ‘ದ ಕಿಂಗ್’ ಉಳಿಯಿತು. ಕ್ರಿಯಾಪದದ ಬಹುವಚನದ ಬಾಲವೂ ಉದುರಿ ‘ಲೈಕ್ಡ್’ ಆಯಿತು. ಕೊನೆಗೆ ಉಳಿದದ್ದು ‘ದ ಕಿಂಗ್ ಲೈಕ್ಡ್ ಪೇರ್ಸ್’. ಪದಗಳ ಸಾಲು ಬದಲಾಗಲಿಲ್ಲ. ಆದರೆ ‘ಗೆ’ ಕಳಚಿಕೊಂಡ ಮೇಲೆ ಮುಂದೆ ನಿಂತ ರಾಜನೇ ಕೆಲಸ ಮಾಡುವವನ ಹಾಗೆ ಕಾಣತೊಡಗಿದ. ಮುಂದಿನ ತಲೆಮಾರಿನವರು ಹಾಗೆಯೇ ಅರ್ಥ ಮಾಡಿಕೊಂಡರು. ‘ಹಿಡಿಸು’ ಇದ್ದದ್ದು ಯಾರಿಗೂ ಗೊತ್ತಾಗದಂತೆ ‘ಮೆಚ್ಚು’ ಆಗಿಬಿಟ್ಟಿತು.

ಒಂದು ಆಟ ಆಡಿ ನೋಡಿ. ನಾಳೆಯಿಂದ ಕನ್ನಡದಲ್ಲಿ ‘ಗೆ’ ಇಲ್ಲ ಅಂದುಕೊಳ್ಳಿ. ‘ಅಜ್ಜಿ ಹಲಸು ಹಿಡಿಸಿತು.’ ಯಾರಿಗೆ ಯಾರು ಹಿಡಿಸಿದರು? ಮಗು ಕೇಳಿಸಿಕೊಂಡರೆ ಅಜ್ಜಿಯೇ ಹಲಸಿಗೆ ಏನೋ ಮಾಡಿದರು ಅಂತ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಆದದ್ದು ಇಷ್ಟೇ.

ಹಳೇ ರೂಪ ಒಂದೇ ದಿನಕ್ಕೆ ಸಾಯಲಿಲ್ಲ. 1600ರ ಸುಮಾರಿನಲ್ಲಿ ಬರೆದ ‘ಹ್ಯಾಮ್ಲೆಟ್’ ನಾಟಕದ ಕೊನೆಯಲ್ಲಿ, ಕತ್ತಿಕಾಳಗಕ್ಕೆ ಮುಂಚೆ ಹ್ಯಾಮ್ಲೆಟ್ ಒಂದು ಕತ್ತಿ ಆರಿಸಿಕೊಂಡು ‘ದಿಸ್ ಲೈಕ್ಸ್ ಮಿ ವೆಲ್’ ಅನ್ನುತ್ತಾನೆ. ‘ಇದು ನನಗೆ ಚೆನ್ನಾಗಿ ಹಿಡಿಸಿತು.’ ‘ಕಿಂಗ್ ಲಿಯರ್’ನಲ್ಲಿ ಕೆಂಟ್ ಒಬ್ಬನನ್ನು ಬಾಯಿಗೆ ಬಂದಂತೆ ಬೈಯುತ್ತಾನೆ. ಅವನ ತಪ್ಪೇನು ಅಂತ ಕೇಳಿದರೆ ಬರುವ ಉತ್ತರ ‘ಹಿಸ್ ಕೌಂಟನೆನ್ಸ್ ಲೈಕ್ಸ್ ಮಿ ನಾಟ್’. ಇದನ್ನು ಕನ್ನಡ ಮಾಡಲು ಪಂಡಿತರು ಬೇಕಿಲ್ಲ: ‘ಅವನ ಮುಖ ನನಗೆ ಸೇರಲ್ಲ.’ ಇವತ್ತಿನ ಲಂಡನ್ನಿನ ವಿದ್ಯಾರ್ಥಿ ಈ ಸಾಲಿನಲ್ಲಿ ಒಂದು ಕ್ಷಣ ಎಡವುತ್ತಾನೆ. ನಾವು ಎಡವುವುದಿಲ್ಲ.

ಇದೇ ಜಾತಿಯ ಇನ್ನೊಂದು ಪದ ‘ಮಿಥಿಂಕ್ಸ್’. ಹಳೇ ನಾಟಕಗಳಲ್ಲಿ ಸಿಗುತ್ತದೆ. ‘ನನಗೆ ಅನಿಸುತ್ತದೆ’ ಅಂತ ಅರ್ಥ. ನಾವು ದಿನಕ್ಕೆ ಇಪ್ಪತ್ತು ಸಲ ಹೇಳುವ ‘ನನಗನಿಸುತ್ತೆ’ಯನ್ನು ಅವರು ಕಳೆದುಕೊಂಡು ‘ಐ ಥಿಂಕ್’ ಹಿಡಿದುಕೊಂಡರು.

ನಡುವೆ ಒಂದು ಮಾತು: ಇಷ್ಟಕ್ಕೂ ‘ಥರ’ಕ್ಕೂ ಏನು ನಂಟು?

ಬೇರು ಒಂದೇ. ಹಳೆಯ ಇಂಗ್ಲಿಷಿನಲ್ಲಿ ‘ಲೀಕ್’ ಅಂದರೆ ಮೈ, ದೇಹ, ಆಕಾರ. ಸತ್ತವರ ದೇಹಕ್ಕೂ ಅದೇ ಪದ. ಜರ್ಮನ್ ಭಾಷೆಯಲ್ಲಿ ಹೆಣಕ್ಕೆ ಇವತ್ತಿಗೂ ‘ಲೈಖೆ’ ಅನ್ನುತ್ತಾರೆ. ಇಂಗ್ಲೆಂಡಿನ ಹಳೇ ಚರ್ಚುಗಳ ಮುಂದೆ ಚಾವಣಿ ಇರುವ ಒಂದು ಬಾಗಿಲು ಕಾಣುತ್ತದೆ. ಪಾದ್ರಿ ಬರುವ ತನಕ ಹೆಣವನ್ನು ಅದರ ಕೆಳಗೆ ಇಡುತ್ತಿದ್ದರು. ಅದಕ್ಕೆ ‘ಲಿಚ್‌ಗೇಟ್’ ಅಂತಲೇ ಹೆಸರು. ನಾವು ಫೇಸ್‌ಬುಕ್ಕಿನಲ್ಲಿ ಒತ್ತುವ ಹೆಬ್ಬೆಟ್ಟಿನ ಪದಕ್ಕೆ ಹೆಣವೂ ನೆಂಟ!

ಇಬ್ಬರ ಮೈ, ಆಕಾರ ಒಂದೇ ಆದರೆ ಒಬ್ಬರು ಇನ್ನೊಬ್ಬರ ‘ಹಾಗೆ’. ಅದು ಒಂದು ಕವಲು. ಒಂದು ವಸ್ತುವಿನ ಆಕಾರ ನನಗೆ ಹೊಂದಿಕೆಯಾದರೆ, ತಕ್ಕದ್ದಾದರೆ, ಅದು ನನಗೆ ‘ಹಿಡಿಸುತ್ತದೆ’. ಅದು ಇನ್ನೊಂದು ಕವಲು. ಅಳತೆಗೆ ಸರಿಹೋಗುವುದರಿಂದ ಮನಸ್ಸಿಗೆ ಸರಿಹೋಗುವುದಕ್ಕೆ ಒಂದೇ ಹೆಜ್ಜೆ.

ಇದು ದೂರದ ಮಾತು ಅನಿಸಿದರೆ ನಮ್ಮ ಅಡುಗೆಮನೆಗೆ ಬನ್ನಿ. ‘ಈ ಡಬ್ಬದಲ್ಲಿ ಎರಡು ಸೇರು ಅಕ್ಕಿ ಹಿಡಿಸುತ್ತೆ.’ ‘ಈ ಡಬ್ಬ ನನಗೆ ಹಿಡಿಸಿತು.’ ಒಂದೇ ಪದ. ಮೊದಲನೆಯದು ಅಳತೆ, ಎರಡನೆಯದು ಇಷ್ಟ. ‘ಒಪ್ಪು’ ಇನ್ನೂ ಚೆಂದ. ‘ಆ ಹಸಿರು ಸೀರೆ ಅವಳಿಗೆ ಒಪ್ಪುತ್ತೆ’ ಅಂದರೆ ಮೈಗೆ ತಕ್ಕದ್ದು, ನೋಡಲು ಚೆಂದ. ‘ಹುಡುಗ ಒಪ್ಪಿದ’ ಅಂದರೆ ಮದುವೆಗೆ ಹೂಂ ಅಂದ. ಹೊಂದುವುದರಿಂದ ಹೂಂ ಅನ್ನುವ ತನಕ ಆ ಪದ ನಡೆದು ಬಂದಿದೆ. ‘ಲೈಕ್’ ಇಂಗ್ಲೆಂಡಿನಲ್ಲಿ ನಡೆದದ್ದೂ ಹೆಚ್ಚುಕಡಿಮೆ ಇದೇ ದಾರಿ. ಎರಡು ಭಾಷೆಗೂ ಸಂಬಂಧವಿಲ್ಲ, ಆದರೆ ಮನುಷ್ಯರ ತಲೆ ಎಲ್ಲ ಕಡೆ ಒಂದೇ ರೀತಿ ಓಡುತ್ತದೆ ಅಂತ ಕಾಣುತ್ತದೆ.

ಆ ‘ಲೀಕ್’ ಇನ್ನೂ ಎಲ್ಲೆಲ್ಲೋ ಅಡಗಿದೆ. ‘ಫ್ರೆಂಡ್ಲಿ’, ‘ಸ್ಲೋಲಿ’ ಪದಗಳ ಬಾಲದ ‘ಲಿ’ ಇದೇ. ‘ಸಚ್’ ಅಂದರೆ ‘ಸೋ-ಲೈಕ್’, ನಮ್ಮ ‘ಅಂಥ’. ‘ವಿಚ್’ ಅಂದರೆ ‘ಹೂ-ಲೈಕ್’, ನಮ್ಮ ‘ಎಂಥ’. ‘ಲೈಕ್ಲಿ’ಯಲ್ಲಂತೂ ಒಂದೇ ಬೇರು ಎರಡು ಸಲ ಬಂದು ಕೂತಿದೆ.

ಸರಿ, ಕೆಲಸಕ್ಕೆ ವಾಪಸ್.

ಹಂತ 2: ‘ಇಟ್’ ನುಂಗಬೇಡಿ

‘ಸಿನಿಮಾ ಇಷ್ಟ ಆಯ್ತಾ?’ ‘ಹೂಂ, ಆಯ್ತು.’ ಕನ್ನಡದಲ್ಲಿ ಸಿನಿಮಾ ಅಂತ ಮತ್ತೆ ಹೇಳಬೇಕಿಲ್ಲ. ಇಂಗ್ಲಿಷಿನಲ್ಲಿ ‘ಡು ಯು ಲೈಕ್?’ ‘ಯೆಸ್, ಐ ಲೈಕ್’ ಅಂದರೆ ವಾಕ್ಯ ಅರ್ಧಕ್ಕೇ ನಿಂತ ಹಾಗೆ. ಕೇಳುವವರು ‘ಏನನ್ನು?’ ಅಂತ ಕಾಯುತ್ತಾರೆ. ‘ಡಿಡ್ ಯು ಲೈಕ್ ಇಟ್?’ ‘ಯೆಸ್, ಐ ಲೈಕ್ಡ್ ಇಟ್.’ ಈ ‘ಇಟ್’ ಸಾಸಿವೆ ಕಾಳಿನಷ್ಟು ಸಣ್ಣದು, ಆದರೆ ಒಗ್ಗರಣೆ ಅದಿಲ್ಲದೆ ಆಗುವುದಿಲ್ಲ. ಬರೀ ‘ಯೆಸ್, ಐ ಡಿಡ್’ ಅಂದರೂ ಸಾಕು.

‘ತುಂಬಾ ಇಷ್ಟ’ ಅನ್ನಲು ನಾವು ‘ಟೂ ಮಚ್’ ಅನ್ನುತ್ತೇವೆ. ‘ಐ ಲೈಕ್ ಯುವರ್ ಹೌಸ್ ಟೂ ಮಚ್.’ ಇಂಗ್ಲಿಷಿನಲ್ಲಿ ‘ಟೂ’ ಬಂದರೆ ಅತಿಯಾಯಿತು ಅಂತ. ನಿಮ್ಮ ಮನೆ ಬೇಕಾದ್ದಕ್ಕಿಂತ ಜಾಸ್ತಿ ಇಷ್ಟವಾಯಿತು ಅಂದರೆ ಮನೆಯವರು ಬೀಗ ಭದ್ರ ಮಾಡಿಕೊಂಡಾರು. ‘ವೆರಿ ಮಚ್’ ಅಥವಾ ‘ಎ ಲಾಟ್’ ಅನ್ನಿ, ಅದನ್ನೂ ವಾಕ್ಯದ ಕೊನೆಯಲ್ಲಿ ಇಡಿ: ‘ಐ ಲೈಕ್ ಯುವರ್ ಹೌಸ್ ವೆರಿ ಮಚ್.’ ‘ಐ ಲೈಕ್ ವೆರಿ ಮಚ್ ಯುವರ್ ಹೌಸ್’ ಅಲ್ಲ.

ಹಂತ 3: ‘ಐ ಆಮ್ ಲೈಕಿಂಗ್’ ಬಗ್ಗೆ ಜಾಗ್ರತೆ

‘ಈ ಊರು ಇಷ್ಟ ಆಗ್ತಾ ಇದೆ’ ಅನ್ನುವುದು ಕನ್ನಡದಲ್ಲಿ ಸಹಜ. ಅದನ್ನೇ ಇಳಿಸಿ ‘ಐ ಆಮ್ ಲೈಕಿಂಗ್ ದಿಸ್ ಟೌನ್’ ಅನ್ನುತ್ತೇವೆ. ವ್ಯಾಕರಣದ ಮೇಷ್ಟ್ರು ಇದಕ್ಕೆ ಕೆಂಪು ಗೆರೆ ಎಳೆಯುತ್ತಾರೆ. ಇಷ್ಟಪಡುವುದು ಒಂದು ಸ್ಥಿತಿ, ನಡೆಯುತ್ತಿರುವ ಕೆಲಸ ಅಲ್ಲ ಅನ್ನುವುದು ಅವರ ವಾದ. ಆದರೆ ಹೊಸ ಕೆಲಸಕ್ಕೆ ಸೇರಿದವರನ್ನು ಇಂಗ್ಲಿಷ್‌ನವರೇ ‘ಹೌ ಆರ್ ಯು ಲೈಕಿಂಗ್ ದ ನ್ಯೂ ಜಾಬ್?’ ಅಂತ ಆರಾಮಾಗಿ ಕೇಳುತ್ತಾರೆ. ಈಗಷ್ಟೇ ಶುರುವಾಗಿ, ಇನ್ನೂ ರುಚಿ ನೋಡುತ್ತಿರುವ ವಿಷಯಕ್ಕೆ ಅದು ನಡೆಯುತ್ತದೆ. ಪರೀಕ್ಷೆಯಲ್ಲಿ, ಕಚೇರಿ ಪತ್ರದಲ್ಲಿ ಬೇಡ. ಮಾತಿನಲ್ಲಿ ಒಮ್ಮೊಮ್ಮೆ ಬಂದರೆ ಆಕಾಶವೇನೂ ಬೀಳುವುದಿಲ್ಲ.

‘ಲೈಕ್’ ಆದ ಮೇಲೆ ‘ಇಂಗ್’ ಹಾಕಬೇಕೋ ‘ಟು’ ಹಾಕಬೇಕೋ ಅಂತಲೂ ಕೇಳುತ್ತಾರೆ. ಹೆಚ್ಚಿನ ಕಡೆ ಎರಡೂ ಸರಿ: ‘ಐ ಲೈಕ್ ರೀಡಿಂಗ್’, ‘ಐ ಲೈಕ್ ಟು ರೀಡ್’. ಬ್ರಿಟಿಷರ ಬಳಕೆಯಲ್ಲಿ ಮಾತ್ರ ಒಂದು ನವಿರಾದ ಭೇದ ಇದೆ. ‘ಐ ಲೈಕ್ ಟು ಸೀ ದ ಡೆಂಟಿಸ್ಟ್ ಟ್ವೈಸ್ ಎ ಇಯರ್’ ಅಂದರೆ, ವರ್ಷಕ್ಕೆ ಎರಡು ಸಲ ಹಲ್ಲು ತೋರಿಸುವುದು ಒಳ್ಳೇದು ಅಂತ ಹೋಗುತ್ತೇನೆ. ಅಲ್ಲಿ ಖುಷಿ ಇರಬೇಕಿಲ್ಲ. ‘ಐ ಲೈಕ್ ಸೀಯಿಂಗ್ ದ ಡೆಂಟಿಸ್ಟ್’ ಅಂದರೆ ಹೋಗುವುದೇ ಒಂದು ಖುಷಿ. ಅಂಥವರನ್ನು ನಾನಂತೂ ನೋಡಿಲ್ಲ.

ಹಂತ 4: ಮನೆಗೆ ಬಂದವರಿಗೆ ‘ವುಡ್’ ಕೊಡಿ

‘ಡು ಯು ಲೈಕ್ ಕಾಫಿ?’ ಅಂದರೆ ನಿಮಗೆ ಕಾಫಿ ಅನ್ನುವ ಪದಾರ್ಥ ಇಷ್ಟವೇ ಅಂತ ವಿಚಾರಣೆ. ನೆಂಟರು ‘ಯೆಸ್’ ಅಂತ ಹೇಳಿ ಸುಮ್ಮನಾದರೆ ತಪ್ಪು ಅವರದಲ್ಲ. ಈಗ, ಈ ಹೊತ್ತಿಗೆ ಒಂದು ಲೋಟ ಕಾಫಿ ಕುಡಿಯುತ್ತೀರಾ ಅನ್ನಲು ‘ವುಡ್ ಯು ಲೈಕ್ ಸಮ್ ಕಾಫಿ?’ ಅನ್ನಬೇಕು. ‘ಐ ಲೈಕ್ ಕಾಫಿ’ ನನ್ನ ಸ್ವಭಾವ. ‘ಐ ವುಡ್ ಲೈಕ್ ಕಾಫಿ’ ನನ್ನ ಬೇಡಿಕೆ. ಮಾತಿನಲ್ಲಿ ಅದು ‘ಐಡ್ ಲೈಕ್’ ಅಂತ ಕುಗ್ಗುತ್ತದೆ. ಹೋಟೆಲಿನಲ್ಲಿ ‘ಐ ವಾಂಟ್’ ಅನ್ನುವುದಕ್ಕಿಂತ ಇದು ಎಷ್ಟೋ ಮೆತ್ತಗೆ. ‘ಒಂದು ಕಾಫಿ ಕೊಡಪ್ಪಾ’ ಅನ್ನುವಾಗಿನ ‘ಅಪ್ಪಾ’ ಮಾಡುವ ಕೆಲಸವನ್ನು ಅಲ್ಲಿ ‘ವುಡ್ ಲೈಕ್’ ಮಾಡುತ್ತದೆ.

‘ಹೌ ವುಡ್ ಯು ಲೈಕ್ ಯುವರ್ ಕಾಫಿ?’ ಅಂತ ಕೇಳಿದರೆ ‘ವೆರಿ ಮಚ್’ ಅನ್ನಬೇಡಿ. ಹೇಗಿರಬೇಕು ಅಂತ ಕೇಳುತ್ತಿದ್ದಾರೆ. ಸ್ಟ್ರಾಂಗೋ ಲೈಟೋ, ಸಕ್ಕರೆ ಬೇಕೋ ಬೇಡವೋ ಹೇಳಿ.

ಕಚೇರಿಯಲ್ಲಿ ಇದಕ್ಕೆ ಇನ್ನೊಂದು ಮುಖ ಇದೆ. ಮೇಲಿನವರು ‘ಐಡ್ ಲೈಕ್ ಯು ಟು ಫಿನಿಶ್ ದಿಸ್ ಬೈ ಮಂಡೇ’ ಅಂದರೆ ಅದು ಅವರ ಮನದಾಸೆ ಅಂತ ತಿಳಿಯಬೇಡಿ. ಅಪ್ಪಣೆ ಅದು, ರೇಷ್ಮೆ ಬಟ್ಟೆಯಲ್ಲಿ ಸುತ್ತಿದ್ದು. ನಮ್ಮ ಹಿರಿಯರು ‘ಸೋಮವಾರದೊಳಗೆ ಆದ್ರೆ ಚೆನ್ನಾಗಿರುತ್ತೆ’ ಅನ್ನುತ್ತಾರಲ್ಲ, ಹಾಗೆ. ಹೊಸದಾಗಿ ಕೆಲಸಕ್ಕೆ ಸೇರಿದ ಎಷ್ಟೋ ಹುಡುಗರು ಇದನ್ನು ಆಸೆ ಅಂತ ತಿಳಿದು ಮಂಗಳವಾರ ಬೈಸಿಕೊಂಡಿದ್ದಾರೆ.

ಹಂತ 5: ‘ವಾಟ್ ಈಸ್ ಹಿ ಲೈಕ್?’ ಕೇಳಿದರೆ ತಿಂಡಿ ಹೇಳಬೇಡಿ

ಇದು ನನ್ನ ಸ್ವಂತ ಕಥೆ. ಎರಡನೇ ಕೆಲಸಕ್ಕೆ ಸಂದರ್ಶನ. ಮೇಜಿನ ಆಚೆ ಮೂವರು. ನಡುವಿನವರು ಕನ್ನಡಕ ಸರಿ ಮಾಡಿಕೊಂಡು ‘ವಾಟ್ ವಾಸ್ ಯುವರ್ ಲಾಸ್ಟ್ ಬಾಸ್ ಲೈಕ್?’ ಅಂದರು. ವಿಚಿತ್ರ ಪ್ರಶ್ನೆ ಅನಿಸಿತು. ಆದರೂ ಕೇಳಿದ್ದಕ್ಕೆ ಉತ್ತರ ಕೊಡಬೇಕಲ್ಲ. ‘ಫಿಲ್ಟರ್ ಕಾಫಿ, ಸರ್. ವೆರಿ ಸ್ಟ್ರಾಂಗ್’ ಅಂದೆ. ಎಡಗಡೆ ಕೂತಿದ್ದ ಮೇಡಂ ಫೈಲಿನೊಳಗೆ ಮುಖ ಹುದುಗಿಸಿಕೊಂಡರು. ಆ ಕೆಲಸ ಸಿಗಲಿಲ್ಲ ಅಂತ ಬೇರೆ ಹೇಳಬೇಕಿಲ್ಲ.

ಅವರು ಕೇಳಿದ್ದು ‘ನಿಮ್ಮ ಹಿಂದಿನ ಬಾಸ್ ಎಂಥವರು?’ ಅಂತ. ಮೂರು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ. ‘ವಾಟ್ ಈಸ್ ಹಿ ಲೈಕ್?’ ಅಂದರೆ ಎಂಥವನು, ಸ್ವಭಾವ ಹೇಗೆ. ‘ವಾಟ್ ಡಸ್ ಹಿ ಲುಕ್ ಲೈಕ್?’ ಅಂದರೆ ನೋಡಲು ಹೇಗಿದ್ದಾನೆ. ‘ವಾಟ್ ಡಸ್ ಹಿ ಲೈಕ್?’ ಅಂದರೆ ಅವನಿಗೆ ಏನಿಷ್ಟ. ಇನ್ನು ‘ಹೌ ಈಸ್ ಹಿ?’ ಅಂದರೆ ಆರೋಗ್ಯ ಹೇಗಿದೆ ಅಂತ. ನಮ್ಮ ‘ಹೇಗಿದ್ದಾನೆ?’ ಒಂದೇ ಇದರಲ್ಲಿ ಮೂರು ಕೆಲಸ ಮಾಡುತ್ತದೆ, ಅದಕ್ಕೇ ನಾವು ಎಲ್ಲದಕ್ಕೂ ‘ಹೌ’ ಹಾಕಿ ಸಿಕ್ಕಿಬೀಳುತ್ತೇವೆ. ವರನ ಬಗ್ಗೆ ವಿಚಾರಿಸುವಾಗ ‘ಹೌ ಈಸ್ ದ ಬಾಯ್?’ ಅಂದರೆ ಇಂಗ್ಲಿಷ್ ಬಲ್ಲವರು ಪಾಪ, ಹುಡುಗನಿಗೆ ಏನಾಗಿತ್ತು ಅಂತ ಗಾಬರಿಯಾಗಬಹುದು.

ಗುರುತು ಹಿಡಿಯುವುದು ಸುಲಭ. ಪ್ರಶ್ನೆಯಲ್ಲಿ ‘ಈಸ್, ವಾಸ್’ ಇದ್ದರೆ ‘ಎಂಥ’. ‘ಡಸ್, ಡಿಡ್’ ಇದ್ದು, ಜೊತೆಗೆ ‘ಲುಕ್’ ಇಲ್ಲದಿದ್ದರೆ ‘ಇಷ್ಟ’. ‘ಐ ಆಮ್ ಲೈಕ್ ದೋಸೆ’ಯಲ್ಲಿ ಕಂಡ ನಿಯಮವೇ ಇಲ್ಲೂ ತಿರುಗಿ ಬಂದಿದೆ.

ಹಂತ 6: ‘ಆಗಿ’ಯೋ ‘ಹಾಗೆ’ಯೋ?

‘ಲೈಕ್’ ಮತ್ತು ‘ಆ್ಯಸ್’ ನಡುವೆ ಯಾವುದು ಅಂತ ಅನುಮಾನ ಬಂದರೆ ಕನ್ನಡದಲ್ಲಿ ಹೇಳಿ ನೋಡಿ. ‘ಮೇಷ್ಟ್ರಾಗಿ ಹೇಳ್ತಿದ್ದೀನಿ’ ಅಂದರೆ ‘ಆ್ಯಸ್ ಎ ಟೀಚರ್’. ನಾನು ನಿಜಕ್ಕೂ ಮೇಷ್ಟ್ರು. ‘ಮೇಷ್ಟ್ರ ಹಾಗೆ ಮಾತಾಡ್ತಾನೆ’ ಅಂದರೆ ‘ಲೈಕ್ ಎ ಟೀಚರ್’. ಅವನು ಮೇಷ್ಟ್ರಲ್ಲ, ಗತ್ತು ಮಾತ್ರ ಹಾಗಿದೆ. ‘ಆಗಿ’ಗೆ ‘ಆ್ಯಸ್’, ‘ಹಾಗೆ’ಗೆ ‘ಲೈಕ್’. ಅರ್ಜಿಯಲ್ಲಿ ‘ಐ ವರ್ಕ್ಡ್ ಲೈಕ್ ಎ ಕ್ಲರ್ಕ್’ ಅಂತ ಬರೆದವರಿದ್ದಾರೆ. ಗುಮಾಸ್ತನ ಹಾಗೆ ದುಡಿದೆ ಅಂದಂತೆ. ಕೆಲಸ ಏನಿತ್ತು ಅನ್ನುವುದೇ ತಿಳಿಯುವುದಿಲ್ಲ.

‘ಲೈಕ್’ ಮುಂದೆ ಪೂರ್ತಿ ವಾಕ್ಯ ಬರಬಹುದೇ ಅನ್ನುವುದು ಅವರಲ್ಲೇ ಹಳೇ ಜಗಳ. 1954ರಲ್ಲಿ ಅಮೆರಿಕದ ವಿನ್‌ಸ್ಟನ್ ಸಿಗರೇಟಿನ ಜಾಹೀರಾತು ‘ಲೈಕ್ ಎ ಸಿಗರೇಟ್ ಶುಡ್’ ಅಂತ ಬಂದಾಗ, ಅಲ್ಲಿ ‘ಆ್ಯಸ್’ ಇರಬೇಕಿತ್ತು ಅಂತ ವ್ಯಾಕರಣದವರು ಸಿಟ್ಟಾದರು. ಕಂಪನಿಗೆ ಪುಕ್ಕಟೆ ಪ್ರಚಾರ ಸಿಕ್ಕಿತು. ಈಗ ಮಾತಿನಲ್ಲಿ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಬರೆಯುವಾಗ ‘ಆ್ಯಸ್’ ಇಟ್ಟರೆ ಯಾರ ಬಾಯಿಗೂ ಬೀಳುವುದಿಲ್ಲ.

ಹುಡುಗ ಹುಡುಗಿಯರು ಮಾತಿನ ನಡುನಡುವೆ ಉದುರಿಸುವ ‘ಲೈಕ್’ ಬೇರೆಯದೇ. ‘ಶಿ ವಾಸ್ ಲೈಕ್, ನೋ ವೇ’ ಅಂದರೆ ಚಾನ್ಸೇ ಇಲ್ಲ ‘ಅಂದ್ಲು’. ನಮ್ಮ ‘ಅಂತ’, ‘ಅಂದ್ರೆ’ಗಳ ಜಾಗ ಅದು. ಕೇಳಿ ಅರ್ಥ ಮಾಡಿಕೊಂಡರೆ ಸಾಕು, ಕಷ್ಟಪಟ್ಟು ಕಲಿಯಬೇಕಿಲ್ಲ.

ಹಂತ 7: ದನಿ ಕೇಳಿಸಿಕೊಳ್ಳಿ

‘ಇಫ್ ಯು ಲೈಕ್’ ಅಂದರೆ ‘ಆಯ್ತು, ನಿಮ್ಮಿಷ್ಟ’. ಕನ್ನಡದ ‘ನಿಮ್ಮಿಷ್ಟ’ದ ಎಲ್ಲ ಬಣ್ಣಗಳೂ ಇದಕ್ಕಿವೆ. ನಗುತ್ತಾ ಅಂದರೆ ಒಪ್ಪಿಗೆ. ತಲೆ ತಗ್ಗಿಸಿಕೊಂಡು ಸಣ್ಣ ದನಿಯಲ್ಲಿ ಅಂದರೆ ‘ಬೇಡ’. ಹೆಂಡತಿಗೆ ಇಂಗ್ಲಿಷ್ ಬರುತ್ತದೋ ಕನ್ನಡ ಬರುತ್ತದೋ ಮುಖ್ಯವಲ್ಲ, ಎರಡನೇ ದನಿಯಲ್ಲಿ ಬಂದರೆ ಆ ಸೋಫಾ ಕೊಳ್ಳಬೇಡಿ.

ಇನ್ನೊಂದು ‘ಐ ಲೈಕ್ ದಟ್!’ ಇದನ್ನು ಬ್ರಿಟಿಷರು ಹುಬ್ಬೇರಿಸಿ ಹೇಳಿದರೆ ಇಷ್ಟ ಅಂತಲ್ಲ. ‘ಚೆನ್ನಾಗಿದೆ ಕಣಯ್ಯಾ!’ ಅಂತ ನಾವು ಸಿಟ್ಟಿನಲ್ಲಿ ಅನ್ನುವ ಹಾಗೆ.

ಹಂತ 8: ಗುಂಡಿ ಒತ್ತುವ ಮುಂಚೆ

ಫೇಸ್‌ಬುಕ್ಕಿನಲ್ಲಿ ಲೈಕ್ ಗುಂಡಿ ಬಂದದ್ದು 2009ರ ಫೆಬ್ರವರಿ 9ರಂದು. ಮೊದಲು ಅದಕ್ಕೆ ‘ಆಸಮ್’ ಅಂತ ಹೆಸರಿಡಲು ಹೊರಟಿದ್ದರು. ಕೊನೆಗೆ ‘ಲೈಕ್’ ಗೆದ್ದಿತು. ನನ್ನ ಪ್ರಕಾರ ಗೆಲ್ಲಲೇಬೇಕಿತ್ತು. ‘ಲೈಕ್’ ತಣ್ಣಗಿನ ಪದ. ಪ್ರೀತಿ ಅಲ್ಲ, ಹೊಗಳಿಕೆ ಅಲ್ಲ, ಪೂರ್ತಿ ಒಪ್ಪಿಗೆಯೂ ಅಲ್ಲ. ಪರವಾಗಿಲ್ಲ, ಹಿಡಿಸಿತು ಅಂತಷ್ಟೇ. ಭಾವನ ಹೊಸ ಬೈಕಿಗೂ ಮುಖ್ಯಮಂತ್ರಿಯ ಭಾಷಣಕ್ಕೂ ಒಂದೇ ಬೆರಳಲ್ಲಿ ಒತ್ತಲು ಅಂಥದೇ ಪದ ಬೇಕು.

ಅದೇ ಗುಂಡಿ ಜರ್ಮನಿಗೆ ಹೋದಾಗ ‘ಗೆಫೆಲ್ಟ್ ಮಿರ್’ ಆಯಿತು, ಇಟಲಿಯಲ್ಲಿ ‘ಮಿ ಪಿಯಾಚೆ’. ಎರಡರ ಅರ್ಥವೂ ‘ನನಗೆ ಹಿಡಿಸುತ್ತದೆ’. ಇಂಗ್ಲಿಷ್ ಕಳೆದುಕೊಂಡ ‘ನನಗೆ’ ಅವರಲ್ಲಿ ಇನ್ನೂ ಇದೆ.

ತೊಂದರೆ ಶುರುವಾದದ್ದು ಸಾವಿನ ಸುದ್ದಿಗೆ. ‘ನಮ್ಮ ತಂದೆ ಇಂದು ಬೆಳಿಗ್ಗೆ ತೀರಿಕೊಂಡರು’ ಅಂತ ಗೆಳೆಯ ಹಾಕಿದರೆ ಕೆಳಗೆ ಸಾಲಾಗಿ ಹೆಬ್ಬೆಟ್ಟು. ಒತ್ತಿದವರ ಮನಸ್ಸಿನಲ್ಲಿ ಇದ್ದದ್ದು ‘ನೋಡಿದೆ, ನಿನ್ನ ಜೊತೆ ಇದ್ದೀನಿ’. ಪದ ಹೇಳಿದ್ದು ‘ಇಷ್ಟವಾಯಿತು’. 2016ರ ಫೆಬ್ರವರಿಯಲ್ಲಿ ಅಳುಮುಖ, ಸಿಟ್ಟಿನ ಮುಖಗಳು ಸೇರಿದ ಮೇಲೆ ಇದು ಸ್ವಲ್ಪ ತಗ್ಗಿತು. ಆದರೂ ಅಂಥ ಸುದ್ದಿಗೆ ಗುಂಡಿ ಬಿಟ್ಟು ಒಂದು ಸಾಲು ಬರೆಯಿರಿ, ಇಲ್ಲವೇ ಫೋನ್ ಮಾಡಿ.

ಕನ್ನಡದಲ್ಲಿ ನಾವು ಇದನ್ನು ನಮ್ಮದೇ ಮಾಡಿಕೊಂಡಿದ್ದೇವೆ. ‘ಲೈಕ್ ಮಾಡಿ’, ‘ಲೈಕ್ ಒತ್ತಿ’, ‘ಎಷ್ಟು ಲೈಕ್ ಬಂತು?’ ‘ಲೈಕ್ ಬಂತು’ ಅನ್ನುವುದನ್ನು ಗಮನಿಸಿ. ಮಳೆ ಬಂತು, ಸಂಬಳ ಬಂತು ಅಂದ ಹಾಗೆ ಅದು ತಾನಾಗಿ ಬರುತ್ತದೆ, ನಮಗೆ ಬರುತ್ತದೆ.

ಕೈ ಪಳಗಿಸಲು

ಇವನ್ನು ಇಂಗ್ಲಿಷಿಗೆ ತನ್ನಿ, ಉತ್ತರ ಮುಚ್ಚಿಟ್ಟುಕೊಂಡು.

ಅವಳಿಗೆ ಮಳೆ ಇಷ್ಟ. ‘ಶಿ ಲೈಕ್ಸ್ ರೇನ್.’

ಅವಳು ಮಳೆಯ ಥರ. ‘ಶಿ ಈಸ್ ಲೈಕ್ ರೇನ್.’ ಇದನ್ನು ಕವಿಗಳು ಮಾತ್ರ ಬಳಸಲಿ.

ಊಟ ಇಷ್ಟ ಆಯ್ತಾ? ‘ಡಿಡ್ ಯು ಲೈಕ್ ದ ಫುಡ್?’

ಇನ್ನೊಂದು ಸ್ವಲ್ಪ ಸಾರು ಹಾಕಲಾ? ‘ವುಡ್ ಯು ಲೈಕ್ ಸಮ್ ಮೋರ್ ಸಾರು?’ ಸಾರಿಗೆ ಇಂಗ್ಲಿಷ್ ಹುಡುಕಲು ಹೋಗಬೇಡಿ.

ನಿಮ್ಮ ಅತ್ತೆ ಎಂಥವರು? ‘ವಾಟ್ ಈಸ್ ಯುವರ್ ಮದರ್-ಇನ್-ಲಾ ಲೈಕ್?’ ಉತ್ತರ ಅವರ ಎದುರಿಗೆ ಹೇಳಬೇಡಿ.

ನಾನು ಎರಡು ವರ್ಷ ಬೇಕರಿಯಲ್ಲಿ ಲೆಕ್ಕ ಬರೆಯುವವನಾಗಿದ್ದೆ. ‘ಐ ವರ್ಕ್ಡ್ ಆ್ಯಸ್ ಆ್ಯನ್ ಅಕೌಂಟೆಂಟ್ ಇನ್ ಎ ಬೇಕರಿ ಫಾರ್ ಟೂ ಇಯರ್ಸ್.’ ಈ ಕೊನೆಯದನ್ನು ನನಗೆ ಬರೆದು ತೋರಿಸಿದ್ದು ಆ ದೋಸೆ ಹುಡುಗನೇ, ತನ್ನ ಹೊಸ ಅರ್ಜಿಯಲ್ಲಿ. ‘ಆ್ಯಸ್’ ಕೆಳಗೆ ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದಿದ್ದ.